ನಿಮ್ಮವ್ವ ಇದರಾಗ ಹಿಡಿಯಂಗಿಲ್ಲ

ಗೊತ್ತಿದ್ದೇ ಸುಳ್ಳು ಹೇಳಿದೆ. ತಾಯಿ ಇಲ್ಲದ ಹುಡುಗಿಗೆ, ಅವಳ ತಾಯಿಯ ಫೋಟೋದ ವಿಷಯದಲ್ಲಿ, ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಸಿಟ್ಟು ಬಂದಿತ್ತೆಂದೋ, ಬಾಯಿ ತಪ್ಪಿತೆಂದೋ ಇವತ್ತು ಬರೆಯಬಹುದು — ಬರೆದರೆ ನಂಬುವವರೂ ಇದ್ದಾರೆ. ಆದರೆ ಅದು ಎರಡನೆಯ ಸುಳ್ಳಾಗುತ್ತದೆ. ಅವತ್ತು ನನ್ನ ತಲೆ ತಣ್ಣಗಿತ್ತು. ಏನು ಹೇಳುತ್ತಿದ್ದೇನೆಂಬುದು ಪೂರ್ತಿ ತಿಳಿದಿತ್ತು.

ಮಲತಾಯಿ ಎಂದ ಕೂಡಲೇ ಜನರ ಮನಸ್ಸಿನಲ್ಲಿ ಒಂದು ಹೆಂಗಸು ಎದ್ದು ನಿಲ್ಲುತ್ತಾಳೆ. ಮಗುವಿಗೆ ತಂಗಳು ಹಾಕುವವಳು, ಹೊಡೆಯುವವಳು, ಗಂಡನ ಕಿವಿ ಊದುವವಳು. ಆಕೆ ನಾನಲ್ಲ. ಗಿರಿಜಾ ಒಂದು ದಿನವೂ ನನ್ನ ಕೈಯಿಂದ ಹೊಡೆತ ತಿಂದಿಲ್ಲ. ಬಿಸಿ ರೊಟ್ಟಿ ಮೊದಲು ಅವಳ ತಾಟಿಗೆ ಬೀಳುತ್ತಿತ್ತು. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ನನ್ನ ತಪ್ಪು ಯಾವುದೆಂದು ನಾನು ಹೇಳುತ್ತೇನೆ. ಮಾಡದ್ದನ್ನು ಯಾರೂ ನನ್ನ ತಲೆಗೆ ಕಟ್ಟುವುದು ಬೇಡ.

ನಾನು ಇಂಡಿ ಊರಿನವಳು. ಅಪ್ಪ ಅಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಡಿಗ್ರಿ ಆದ ಮೇಲೆ ಕಂಪ್ಯೂಟರ್ ಕೋರ್ಸು ಮುಗಿಸಿ ಸಿಂದಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್ ಆಗಿ ಸೇರಿದೆ. ಅಲ್ಲೇ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದೆ. ಮೂವತ್ತು ದಾಟಿತು. ಮನೆಯವರು ಗಂಡು ನೋಡಿ ನೋಡಿ ದಣಿದು ಸುಮ್ಮನಾದ ಹೊತ್ತಿಗೆ ಶಿವಾನಂದ ಅವರ ಮಾತು ಬಂತು. ಆಲಮೇಲದ ದನದ ದವಾಖಾನೆಯಲ್ಲಿ ಕೆಲಸ, ಸಿಂದಗಿಯಲ್ಲಿ ಸ್ವಂತ ಮನೆ, ದಿನಾ ಬಸ್ಸಿನ ಓಡಾಟ. ಮೊದಲ ಹೆಂಡತಿ ಸಾವಿತ್ರಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಎಂಟು ವರ್ಷದ ಮಗಳು, ಗಿರಿಜಾ. ನಾನು ಒಪ್ಪಿದೆ. ಯಾರೂ ಒತ್ತಾಯ ಮಾಡಲಿಲ್ಲ. ನೋಡಲು ಬಂದಾಗ ಅವರು ನೌಕರಿ ಬಿಡುತ್ತೀರೇನು ಎಂದು ಕೇಳಲಿಲ್ಲ, ಅದು ನನಗೆ ಹಿಡಿಸಿತು.

ಮನೆಗೆ ಹೋದ ಮೇಲೆ ತಿಳಿಯಿತು — ಆ ಮನೆ ಸಾವಿತ್ರಿಯದು.

ತಂಬಿಗೆ ಎತ್ತಿದರೆ ಹೆಬ್ಬೆರಳಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಆಕೆಯ ಹೆಸರು, ತವರೂರು: ಸಾವಿತ್ರಿ, ಗೊಳಸಂಗಿ. ಹಿಟ್ಟು ನಾದುವ ಪರಾತದ ಅಂಚಿನಲ್ಲಿ, ಕೊಡದ ಕಂಠದಲ್ಲಿ, ಚಹಾದ ಪಾತ್ರೆಯ ತಳದಲ್ಲಿ ಅದೇ ಹೆಸರು. ಆಕೆ ಎತ್ತರದ ಹೆಣ್ಣುಮಗಳಂತೆ. ಅಡಿಗೆಮನೆಯ ಹಲಗೆಗಳನ್ನು ಆಕೆಯ ಕೈಗೆ ಎಟಕುವಂತೆ ಹೊಡೆಸಿದ್ದರು. ನಾನು ಗಿಡ್ಡ. ಉಪ್ಪು ಬೇಕಾದರೂ ಮಣೆಯ ಮೇಲೆ ಹತ್ತಬೇಕು. ಹಲಗೆ ಇಳಿಸಿ ಕೊಡಿ ಎಂದು ನಾನು ಕೇಳಲಿಲ್ಲ, ಇಳಿಸಬೇಕೆಂದು ಅವರಿಗೂ ಹೊಳೆಯಲಿಲ್ಲ. ಓಣಿಯ ಹೆಂಗಸರು ಬಂದು ಕೂತರೆ ಸಾವಿತ್ರಿ ಮಾಡುತ್ತಿದ್ದ ಶೇಂಗಾ ಹೋಳಿಗೆಯ ಮಾತು. ಸತ್ತವಳ ಮೇಲೆ ನನಗೆ ದ್ವೇಷವಿರಲಿಲ್ಲ. ಆದರೆ ಬದುಕಿದ್ದವಳು ನಾನಿದ್ದೆ, ಆ ಮನೆಯಲ್ಲಿ ನಾನು ಎಲ್ಲಿ ಕೂರಬೇಕು ಎಂಬುದೇ —

ನನ್ನದು ಅಂತ ಇದ್ದದ್ದು ಒಂದೇ ವಸ್ತು. ನನ್ನ ಕಂಪ್ಯೂಟರ್. ಮದುವೆಗೆ ಮುಂಚೆ ನನ್ನ ಪಗಾರದಲ್ಲಿ ಕೊಂಡದ್ದು. ಖೋಲಿ ಬಿಟ್ಟು ಬರುವಾಗ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಪಡಸಾಲೆಯ ಮೂಲೆಯಲ್ಲಿ ಮೇಜಿನ ಮೇಲೆ ಇರಿಸಿದ್ದೆ. ಆನ್ ಮಾಡಿದರೆ ಪರದೆಯ ತುಂಬ ಭೀಮಾ ನದಿ. ಶಾಲೆಯ ಮಕ್ಕಳನ್ನು ಆಲಮೇಲದ ಕಡೆ ಕರೆದುಕೊಂಡು ಹೋದಾಗ ನಾನೇ ತೆಗೆದ ಫೋಟೋ. ಪರದೆಗೆ ಹಾಕಬೇಕೆಂದೇ ಅಡ್ಡ ಹಿಡಿದು ತೆಗೆದದ್ದು, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲದೆ ಕೂತಿತ್ತು. ಸಂಜೆ ಶಾಲೆಯಿಂದ ಬಂದು ಅದರ ಮುಂದೆ ಒಂದು ಗಳಿಗೆ ಕೂತರೆ ಆ ಮನೆಯಲ್ಲಿ ನಾನೂ ಇದ್ದೇನೆ ಅನಿಸುತ್ತಿತ್ತು.

ಗಿರಿಜಾ ಹತ್ತು ವರ್ಷದವಳಿದ್ದಾಗ, ದಸರೆ ಸೂಟಿಗೆ ಗೊಳಸಂಗಿಗೆ ಹೋಗಿ ಬಂದಳು. ಬರುವಾಗ ಕೈಯಲ್ಲಿ ಒಂದು ಪೆನ್‌ಡ್ರೈವ್. ಅವಳ ಸೋದರಮಾವ ಸಾವಿತ್ರಿಯ ಹಳೆಯ ಫೋಟೋವೊಂದನ್ನು ಬಸವನ ಬಾಗೇವಾಡಿಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಹಾಕಿಕೊಟ್ಟಿದ್ದರು. ಆಕೆ ಒಬ್ಬಳೇ ಇದ್ದ ಫೋಟೋ ಅದೊಂದೇ ಇದ್ದದ್ದು. ತವರುಮನೆಯ ಬಾಗಿಲ ಮುಂದೆ, ತಲೆಯಿಂದ ಕಾಲಿನವರೆಗೆ ನೆಟ್ಟಗೆ ನಿಂತಿದ್ದಾಳೆ. ಕೈಯಲ್ಲಿ ನೀರಿನ ತಂಬಿಗೆ. ಯಾರೋ ಕರೆದದ್ದಕ್ಕೆ ತಿರುಗಿ ನಕ್ಕಂತಿದೆ.

ಭಾನುವಾರ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಪ್ಪನೂ ಮಗಳೂ ಕಂಪ್ಯೂಟರಿನ ಮುಂದೆ ಏನೋ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನವರ ದನಿ ಕೇಳಿಸಿತು: "ನನಗ ತಿಳಿಯಂಗಿಲ್ಲವ್ವಾ. ನಿಮ್ಮ ಚಿಗವ್ವನ್ನ ಕೇಳು, ಅಕಿಗೆ ಗೊತ್ತಿರ್ತೈತಿ."

ಗಿರಿಜಾ ಬಾಗಿಲಿಗೆ ಬಂದು ನಿಂತಳು. "ಚಿಗವ್ವ, ಅವ್ವ ಅಗಲ ಆಗ್ಯಾಳ. ಸರಿ ಮಾಡಿ ಕೊಡು."

ಹಿಟ್ಟಿನ ಕೈಯಲ್ಲೇ ಹೋದೆ. ನನ್ನ ನದಿ ಇರಲಿಲ್ಲ. ಅದರ ಜಾಗದಲ್ಲಿ ಸಾವಿತ್ರಿ — ಆದರೆ ಎರಡೂ ಕಡೆಯಿಂದ ಎಳೆದು ಹಿಗ್ಗಿಸಿದಂತೆ. ಮುಖ ತಾಟಿನಷ್ಟು ಅಗಲ, ತೋಳು ದಿಂಬಿನಂತೆ, ನಗು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹರಿದಿತ್ತು. ಏನಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಉದ್ದ ಫೋಟೋವನ್ನು ಅಡ್ಡ ಪರದೆಗೆ ಸ್ಟ್ರೆಚ್ ಮಾಡಿದ್ದರು. ಅದನ್ನು ಬದಲಿಸಿ ಫಿಟ್ ಎಂದು ಒತ್ತಿದ್ದರೆ ಮುಗಿಯಿತು. ಎರಡೂ ಬದಿಗೆ ಸ್ವಲ್ಪ ಖಾಲಿ ಜಾಗ ಬಿಟ್ಟು ಆಕೆ ಇದ್ದಂತೆಯೇ, ಇದ್ದಷ್ಟೇ ನಿಲ್ಲುತ್ತಿದ್ದಳು. ಪ್ರತಿ ವರ್ಷ ಎಂಟನೆಯ ತರಗತಿಗೆ ನಾನು ಕಲಿಸುವ ಮೊದಲ ಪಾಠಗಳಲ್ಲಿ ಅದೊಂದು. ಪುಸ್ತಕದಲ್ಲಿ ಇಲ್ಲದಿದ್ದರೂ ಕಲಿಸುತ್ತೇನೆ, ಮಕ್ಕಳಿಗೆ ಕಂಪ್ಯೂಟರಿನ ಹೆದರಿಕೆ ಹೋಗುವುದು ಅದರಿಂದಲೇ. ಸಿಂದಗಿಯಲ್ಲಿ ಆ ಹೊತ್ತಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಹೆಚ್ಚು ಜನ ಇರಲಿಕ್ಕಿಲ್ಲ.

ಗಿರಿಜಾ ನನ್ನ ಮುಖ ನೋಡುತ್ತಿದ್ದಳು. ಅವರೂ ನೋಡುತ್ತಿದ್ದರು.

ನಾನು ಅಂದೆ: "ನಿಂತ ಫೋಟೋ ಇದಕ್ಕ ಬರಂಗಿಲ್ಲವ್ವಾ. ಕಂಪ್ಯೂಟರ್ ಅಡ್ಡ ಇರ್ತೈತಿ, ನಿಮ್ಮವ್ವ ಉದ್ದ ಅದಾಳ. ನಿಮ್ಮವ್ವ ಇದರಾಗ ಹಿಡಿಯಂಗಿಲ್ಲ."

ಅಷ್ಟು ಹೇಳಿ ಒಳಗೆ ಬಂದೆ. ತವೆಯ ಮೇಲಿನ ರೊಟ್ಟಿ ಹೊತ್ತಿತ್ತು.

ಅವಳು ನನ್ನ ಮಾತು ನಂಬಿದಳು, ಆದರೆ ಬಿಡಲಿಲ್ಲ. ಶಾಲೆಯಿಂದ ಬಂದವಳೇ ಪಾಟಿಚೀಲ ಇಟ್ಟು ಅದರ ಮುಂದೆ ಕೂರುತ್ತಿದ್ದಳು. ತಿಳಿದಷ್ಟು ಒತ್ತಿ ಒತ್ತಿ ನೋಡುತ್ತಿದ್ದಳು. ಒಂದು ದಿನ ಫಿಲ್ ಆಗಿತ್ತು. ಪರದೆಯೇನೋ ತುಂಬಿತು, ತಲೆಯೂ ಹೋಯಿತು, ಕಾಲೂ ಹೋಯಿತು. ನಡುವಿನ ಸೀರೆಯ ನಿರಿಗೆ, ತಂಬಿಗೆ ಹಿಡಿದ ಕೈ, ಅಷ್ಟೇ ಉಳಿಯಿತು. "ಅವ್ವನ ತಲಿ ಹೋತು," ಎಂದು ತನ್ನಷ್ಟಕ್ಕೆ ಅಂದದ್ದು ಕೇಳಿಸಿತು. ಇನ್ನೊಂದು ದಿನ ಟೈಲ್ ಆಗಿ ಸಣ್ಣ ಸಣ್ಣ ಸಾವಿತ್ರಿಯರು ಸಾಲುಸಾಲಾಗಿ ನಿಂತಿದ್ದರು. ಅದನ್ನು ನೋಡಿ ನಕ್ಕಳು, ಆಮೇಲೆ ಗಾಬರಿಯಾಗಿ ತೆಗೆದಳು. ಬರೀ ಮುಖ ಕತ್ತರಿಸಿ ದೊಡ್ಡದು ಮಾಡಿದರೆ ಮಸುಕು, ಕಣ್ಣು ಯಾವುದು ಮೂಗು ಯಾವುದು ತಿಳಿಯದು. ಬೇಕಾದದ್ದರ ಪಕ್ಕದ ಗುಂಡಿಯನ್ನು ಅವಳು ಒತ್ತುವುದನ್ನು ನಾನು ಅಡಿಗೆಮನೆಯ ಬಾಗಿಲಿನಿಂದ ನೋಡಿದ್ದೇನೆ. ಇನ್ನೇನು ಸಿಕ್ಕಿತು ಅನ್ನುವಾಗ ನನ್ನ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಸಿಗಲಿಲ್ಲ.

ಒಮ್ಮೆ ಕೇಳಿದಳು, "ನಿಮ್ಮ ಸಾಲ್ಯಾಗ ಬ್ಯಾರೆ ಯಾರಿಗಾದ್ರೂ ಗೊತ್ತಿರ್ತೈತೇನು ಚಿಗವ್ವ?"

"ನನಗ ಬರಲಿಲ್ಲಂದ್ರ ಯಾರಿಗೂ ಬರಂಗಿಲ್ಲ," ಅಂದೆ.

ಇನ್ನೊಂದು ಅವಕಾಶ ಬಂದಿತ್ತು ನೋಡಿ, ಅದನ್ನೂ ಹಾಗೆ ಕಳೆದೆ. ಆ ವಾರವೇ ಒಂದು ಸಂಜೆ ನಾನು ಮನೆಗೆ ಬಂದಾಗ ಪರದೆಯ ಮೇಲೆ ಮತ್ತೆ ಭೀಮಾ ನದಿ ಇತ್ತು. ಅವಳೇ ಹುಡುಕಿ ಹಾಕಿದ್ದಳು. "ನಿಂದು ಚಂದ ಕುಂದ್ರತೈತಿ," ಅಂದಳು. ನಾನು ಹೂಂ ಅಂದೆ. ಆ ದಿನ ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ — ಸಂತೋಷವಾಯಿತು.

ರಾತ್ರಿ ಗೊಳಸಂಗಿಯ ಅಜ್ಜಿಯ ಜೊತೆ ಫೋನಿನಲ್ಲಿ ಹೇಳುತ್ತಿದ್ದಳು, "ಅವ್ವ ಭಾಳ ಎತ್ತರಂತ ಆಯಿ. ಅದಕ್ಕ ಹಿಡಿಯಂಗಿಲ್ಲಂತ."

ಮುಂದಿನ ಎರಡು ವರ್ಷದಲ್ಲಿ ಗಿರಿಜಾ ದಿಢೀರನೆ ಬೆಳೆದಳು. ತಾಯಿಯ ಮೈಕಟ್ಟು. ನನ್ನ ಭುಜ ದಾಟಿದಳು, ಕಿವಿ ದಾಟಿದಳು. ಆಗ ಒಂದು ಚಾಳಿ ಶುರುವಾಯಿತು. ಯಾರಾದರೂ ಫೋಟೋ ತೆಗೆಯುತ್ತೇವೆಂದರೆ ಹಿಂದಿನ ಸಾಲಿಗೆ ಹೋಗಿ ಮೊಣಕಾಲು ಸ್ವಲ್ಪ ಮಡಿಸಿ ನಿಲ್ಲುತ್ತಿದ್ದಳು. ಸೀರೆ ಉಟ್ಟ ದೊಡ್ಡವಳಾಗಿದ್ದರೆ ತಿಳಿಯುತ್ತಿರಲಿಲ್ಲ, ಫ್ರಾಕಿನಲ್ಲಿ ಕಾಣುತ್ತಿತ್ತು. ಏಳನೆಯ ತರಗತಿಯ ಗುಂಪು ಫೋಟೋದಲ್ಲಿ ಎಲ್ಲರೂ ನೆಟ್ಟಗಿದ್ದಾರೆ, ಇವಳೊಬ್ಬಳು ಕುಸಿದಿದ್ದಾಳೆ. "ಹಿಂಗ್ಯಾಕ ನಿಂತಿ?" ಎಂದು ಅವರಪ್ಪ ಕೇಳಿದರು. "ನೆಟ್ಟಗ ನಿಂತ್ರ ಫೋಟೋಕ್ಕ ಹಿಡಿಯಂಗಿಲ್ಲಪ್ಪ," ಅಂದಳು. ಅವರು ನಕ್ಕುಬಿಟ್ಟರು. ನಾನು ಎದ್ದು ಹೊರಗೆ ಹೋದೆ.

ಎಂಟನೆಯ ತರಗತಿಗೆ ಅವಳು ನನ್ನ ಶಾಲೆಗೇ ಬಂದಳು. ಮನೆಗೆ ಹತ್ತಿರದ ಹೈಸ್ಕೂಲು ಅದೇ. ಮನೆಯಲ್ಲಿ ಚಿಗವ್ವ, ಶಾಲೆಯಲ್ಲಿ ಟೀಚರ್ — ಆ ವ್ಯತ್ಯಾಸವನ್ನು ಒಂದು ದಿನವೂ ತಪ್ಪದೆ ನಡೆಸಿದಳು. ವಾಲ್‌ಪೇಪರಿನ ಪಾಠದ ದಿನ ಹತ್ತಿರ ಬಂತು. ಬಿಡಬಹುದಿತ್ತು. ಪುಸ್ತಕದಲ್ಲಿಲ್ಲದ ಪಾಠ, ಯಾರೂ ಕೇಳುತ್ತಿರಲಿಲ್ಲ. ಅವಳಿಗೆ ಜ್ವರ ಬಂದು ಮನೆಯಲ್ಲಿರುವ ದಿನ ಕಲಿಸಬಹುದಿತ್ತು. ಯೋಚಿಸಿದೆ, ಖರೆ. ಆದರೆ ನನ್ನ ಸುಳ್ಳು ನನ್ನ ಮನೆಯದು. ಅದಕ್ಕಾಗಿ ಒಂದು ತರಗತಿಗೆ ಪಾಠ ಕದಿಯಲು ನಾನು ತಯಾರಿರಲಿಲ್ಲ. ನನಗೂ ಒಂದು ಹಠವಿದೆ. ಅವಳು ಮುಂದೆ ಕೂತಿರುವಾಗಲೇ ಕಲಿಸಿದೆ.

ಶಾಲೆಯ ಧ್ವಜಸ್ತಂಭದ ಉದ್ದ ಫೋಟೋ ತೆಗೆದುಕೊಂಡಿದ್ದೆ. ಸ್ಟ್ರೆಚ್ ಮಾಡಿದರೆ ಕಂಬ ಪೀಪಾಯಿಯಾಯಿತು, ಮಕ್ಕಳು ನಕ್ಕರು. ಫಿಲ್ ಮಾಡಿದರೆ ಧ್ವಜವೇ ಮಾಯ, ಮತ್ತೆ ನಕ್ಕರು. "ಈಗ ಫಿಟ್ ಒತ್ತರಿ," ಅಂದೆ. ಕಂಬ ಬುಡದಿಂದ ಧ್ವಜದವರೆಗೆ ಪೂರ್ತಿ ನಿಂತಿತು. "ಎರಡೂ ಬಾಜು ಖಾಲಿ ಉಳೀತದ. ಉಳೀಲಿ. ಚಿತ್ರ ಮಾತ್ರ ಇದ್ದಂಗ ಇರ್ತದ."

ಗಿರಿಜಾ ನಗಲಿಲ್ಲ. ತನ್ನ ಪರದೆಯ ಮೇಲೆ ಮಾಡಿ ಮುಗಿಸಿ ಕೈ ತೊಡೆಯ ಮೇಲಿಟ್ಟು ಕೂತಿದ್ದಳು. ಸಾಲಿನಲ್ಲಿ ಒಬ್ಬೊಬ್ಬರದೂ ನೋಡುತ್ತ ನಾನು ಅವಳ ಹತ್ತಿರ ಬಂದೆ. ಅವಳು ತಲೆ ಎತ್ತಲಿಲ್ಲ.

"ಸರಿ ಬಂದೈತೇನ್ರಿ ಟೀಚರ್?"

"ಸರಿ ಐತಿ," ಎಂದು ಮುಂದಿನ ಬೆಂಚಿಗೆ ಹೋದೆ.

ಆ ಸಂಜೆ ಅವಳು ಫೋಟೋ ಹಾಕುತ್ತಾಳೆಂದು ಕಾದೆ. ಅವಳ ಫೈಲು ಇನ್ನೂ ಅಲ್ಲೇ ಇತ್ತು, 'ಅವ್ವ' ಎಂಬ ಹೆಸರಿನಲ್ಲಿ. ಹಾಕಲಿಲ್ಲ. ಮರುದಿನವೂ ಇಲ್ಲ. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ, ಉತ್ತರ ಸಿದ್ಧವಿತ್ತು. ಅವಳು ಎಂದಿನಂತೆ ತಾಟು ತೊಳೆದಳು, ಓದಲು ಕೂತಳು, ಚಿಗವ್ವ ಅಂದಳು. ಅವಳು ಕೇಳಲಿ ಎಂದು ನಾನು ಕಾದೆ; ನಾನು ಹೇಳಲಿ ಎಂದು ಅವಳು — ಅದು ಆಗ ನನಗೆ ತಿಳಿಯಲಿಲ್ಲ, ಅಥವಾ ತಿಳಿಯದಂತೆ ಇದ್ದೆ. ವರ್ಷಗಳು ಹೋದವು. ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಯಿತು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಗಿರಿಜಾಳ ಮೊಬೈಲಿನಲ್ಲಿ ಇವತ್ತೂ ಆ ಫೋಟೋ ಇದೆ. ಮೊಬೈಲು ನಿಂತೇ ಇರುತ್ತದೆ, ಅದರಲ್ಲಿ ಸಾವಿತ್ರಿ ಯಾವ ತೊಂದರೆಯೂ ಇಲ್ಲದೆ ತಲೆಯಿಂದ ಕಾಲಿನವರೆಗೆ ಹಿಡಿಯುತ್ತಾಳೆ. ಅವಳ ಮೊಬೈಲಿನ ಪರದೆ ಬೆಳಗಿದಾಗಲೆಲ್ಲ ಆ ತಂಬಿಗೆ ಹಿಡಿದ ಕೈ ನನಗೆ ಕಾಣುತ್ತದೆ.

ಈಗ ಅವಳು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೋದ ದೀಪಾವಳಿ ಸೂಟಿಗೆ ಬಂದಾಗ ಶಾಲೆಯ ಲ್ಯಾಪ್‌ಟಾಪ್ ತಂದಿದ್ದಳು. ಶಾಲೆ ಕಟ್ಟಿಸಿದ ಹಿರಿಯರೊಬ್ಬರ ಫೋಟೋವನ್ನು ಎಲ್ಲ ಕಂಪ್ಯೂಟರಿಗೂ ಹಾಕಬೇಕೆಂದು ಹೆಡ್‌ಮಾಸ್ತರರು ಹೇಳಿದ್ದರಂತೆ. ನಾನು ಎದುರಿಗೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಧೋತರ ಉಟ್ಟು ಕೋಲು ಹಿಡಿದು ನಿಂತ ಮುದುಕರ ಉದ್ದ ಫೋಟೋ. ಅವಳು ನೇರವಾಗಿ ಫಿಟ್ ಒತ್ತಿದಳು. ಬದಿಯ ಖಾಲಿ ಜಾಗಕ್ಕೆ ಅವರ ತಲೆಗೆ ಸುತ್ತಿದ ಪಟಗದ ಕೆನೆಬಣ್ಣ ಹುಡುಕಿ ಹಾಕಿದಳು. ಚೆನ್ನಾಗಿ ಮಾಡಿದಳು, ನಾನೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಆಮೇಲೆ ಪರದೆ ನೋಡುತ್ತಲೇ ಅಂದಳು, "ಬಾಜು ಸ್ವಲ್ಪ ಖಾಲಿ ಉಳೀತೈತಿ ಅಷ್ಟ. ಉಳದ್ರ ಏನಾಗ್ತೈತಿ?"

ಕೈಯಲ್ಲಿನ ಕಾಯಿ ಕೆಳಗಿಟ್ಟೆ. "ಅವತ್ತ ನಾ ಬೇಕಂತನ ಹಂಗ ಹೇಳಿದ್ದೆ," ಅಂದೆ.

"ಗೊತ್ತೈತಿ. ನಿನ್ನ ಕ್ಲಾಸಿನ್ಯಾಗ ಗೊತ್ತಾತು."

"ಮತ್ತ ಕೇಳಲಿಲ್ಲಲ್ಲ?"

"ನೀ ಹೇಳ್ತಿ ಅಂತ ಕಾದೆ."

ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಆ ಕಂಪ್ಯೂಟರ್ ನಂದಿತ್ತು ಗಿರಿಜಾ. ಈ ಮನ್ಯಾಗ ಅದೊಂದ ನಂದಿತ್ತು. ಅದರಾಗೂ ನಿಮ್ಮವ್ವ ಬರೋದು ನನಗ ಬ್ಯಾಡಾಗಿತ್ತು."

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಾದಂತೆ ಕಾಣಲಿಲ್ಲ. "ಇದು ನಂದೈತಿ, ಹಾಕಬ್ಯಾಡ ಅಂದಿದ್ರ ನಾ ಹಾಕ್ತಿದ್ದಿಲ್ಲ ಚಿಗವ್ವ. ಅತ್ತು ಸುಮ್ಮಾಗ್ತಿದ್ದೆ. ನೀ ಅವ್ವ ಹಿಡಿಯಂಗಿಲ್ಲ ಅಂದಿ. ನಾ ಅದು ಅವ್ವನ ತಪ್ಪು ಅಂತ ತಿಳ್ಕೊಂಡಿದ್ದೆ. ಆಮ್ಯಾಲ ನಂದೂ."

ಲ್ಯಾಪ್‌ಟಾಪ್ ಮುಚ್ಚಿ, ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು. ನಾನು ಕಾಯಿ ಬಿಡಿಸುತ್ತ ಕೂತೆ.

ಅವಳು ಊರಿಗೆ ಹೋದ ಮೇಲೆ ನನ್ನವರಿಗೆ ಎಲ್ಲ ಹೇಳಿದೆ. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಅಂದರು, "ಹೋಗ್ಲಿ ಬಿಡು. ಎಷ್ಟ ವರ್ಷದ ಮಾತು. ಅಕೀನ್ನ ಬೆಳಸಿದಾಕಿ ನೀನ. ಅದರ ಮುಂದ ಇದೇನ ದೊಡ್ಡದು?"

ಇದನ್ನೇ ನಾನು ಒಪ್ಪುವುದಿಲ್ಲ. ನೀವೂ ಇದನ್ನು ಓದಿ ಹೀಗೇ ಸಮಾಧಾನ ಹೇಳುವವರಿದ್ದರೆ ಈಗಲೇ ನಿಲ್ಲಿಸಿ. ರೊಟ್ಟಿ ಬಡಿದು ಹಾಕಿದ್ದು ಬೇರೆ, ಇದು ಬೇರೆ. ಆ ರೊಟ್ಟಿಯಿಂದ ಇದನ್ನು ಮುಚ್ಚಲು ನಾನು ಬಿಡುವುದಿಲ್ಲ. ಹಾಗೆಯೇ, ಆ ಮನೆಯಲ್ಲಿ ನನಗೊಂದು ಮೂಲೆ ಬೇಕೆನಿಸಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಯಾರ ಹತ್ತಿರವೂ ಇಲ್ಲ. ಎರಡನೆಯ ಹೆಂಡತಿಯಾಗಿ ಬಂದವಳು ತನ್ನದೆಂದು ಏನೂ ಇಟ್ಟುಕೊಳ್ಳಬಾರದು ಎನ್ನುವವರು ಮೊದಲು ಆ ತಂಬಿಗೆಯಲ್ಲಿ ವರ್ಷಗಟ್ಟಲೆ ನೀರು ಕುಡಿದು ನೋಡಲಿ. ನನ್ನದು ಎಂದು ಹೇಳುವ ಹಕ್ಕು ನನಗಿತ್ತು. ಹೇಳುವ ಧೈರ್ಯ ಇರಲಿಲ್ಲ. ಒಳ್ಳೆಯವಳು ಅನಿಸಿಕೊಳ್ಳಬೇಕಿತ್ತು, ಅದಕ್ಕೆ ನಾನು ಹೇಳಬೇಕಿದ್ದ 'ಇಲ್ಲ'ವನ್ನು ಸತ್ತವಳ ಎತ್ತರದ ಮೇಲೆ ಹೊರಿಸಿದೆ, ಅವಳ ಮಗಳು ಅದನ್ನು ತನ್ನ ಮೈಮೇಲೆ ಹೊತ್ತುಕೊಂಡಳು. ಮೊಣಕಾಲು ಮಡಿಸಿ ನಿಂತ ಆ ಹುಡುಗಿ — ಅವಳಿಗೆ ನಾನು ಏನು ಹೇಳಲಿ? ಅವಳು ಈಗ ಇಲ್ಲ. ಮುದ್ದೇಬಿಹಾಳದಲ್ಲಿ ಇರುವವಳು ಬೇರೆಯವಳು, ನೆಟ್ಟಗೆ ನಿಂತು ಪಾಠ ಮಾಡುವವಳು. ಅವಳು ಕ್ಷಮಿಸಿದರೂ ಆ ಹತ್ತು ವರ್ಷದವಳ ಪರವಾಗಿ ಕ್ಷಮಿಸಲು ಅವಳಿಗೂ ಆಗುವುದಿಲ್ಲ. ನಾನು ಕೇಳಿಯೂ ಇಲ್ಲ.

ಮೊನ್ನೆ ಸಂಜೆ ಫೋನ್ ಮಾಡಿದ್ದಳು. ಶಾಲೆಯಲ್ಲಿ ವಾರ್ಷಿಕೋತ್ಸವವಂತೆ. "ಚಿಗವ್ವ, ನಿನ್ನ ಹಸಿರು ಇಳಕಲ್ ಸೀರಿ ಕಳಸ್ತೀಯೇನು? ಒಂದ ದಿನ ಉಟ್ಟು ಕೊಡ್ತೇನಿ."

ಅದು ನನ್ನ ತಾಯಿ ತೀರಿಕೊಳ್ಳುವ ಮುಂಚೆ ನನಗೆ ಕೊಟ್ಟ ಸೀರೆ. ಯಾರಿಗೂ ಉಡಲು ಕೊಟ್ಟಿಲ್ಲ. ಸೆರಗು ಹರಿದಿದೆ ಎಂಬ ಮಾತು ತಾನಾಗಿ ನಾಲಿಗೆಯ ತುದಿಗೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಹೆದರಿಕೆಯಾಯಿತು. ಅದನ್ನು ನುಂಗಿದೆ.

"ಇಲ್ಲವ್ವಾ," ಅಂದೆ. "ಸೀರಿ ಚಲೋ ಐತಿ. ಆದ್ರ ಕೊಡಂಗಿಲ್ಲ. ಅದು ನಮ್ಮವ್ವ ಕೊಟ್ಟಿದ್ದು, ನನ್ನ ಹತ್ರನ ಇರ್ಲಿ."

ಕಟ್ಟಾಯಿತೇನೋ ಎಂದು ಫೋನ್ ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ.

"ಆತು," ಅಂದಳು. "ಬ್ಯಾರೇದು ನೋಡ್ತೇನಿ." ಆಮೇಲೆ, "ಉಂಡ್ಯಾ?" ಎಂದು ಕೇಳಿದಳು.

"ಇನ್ನೂ ಇಲ್ಲ," ಅಂದೆ.